ಎಳೆಯರಿಗೆ ಅಲಂಕಾರಬೋಧೆ
(ಮಠದ ಸುವರ್ಣ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಠದ ಮಹೋತ್ಸವದಂತಹ ಗಂಭೀರ ಸಂದರ್ಭದಲ್ಲಿ ಎಳೆಯ ಮಕ್ಕಳಿಗೆ ಉಪಮೆ ರೂಪಕಗಳನ್ನು ಕಲಿಸುವ ಬಗೆಯನ್ನು ಕುರಿತು ಮಾತನಾಡುವುದು ಕೆಲವರಿಗೆ ಅಲ್ಪವಿಷಯವಾಗಿ ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಇದು ಅಲ್ಪವೂ ಅಲ್ಲ, ಮಠಕ್ಕೆ ಹೊರತಾದುದೂ ಅಲ್ಲ. ಶರಣಧರ್ಮವು ವಚನಗಳ ಮೂಲಕ ಜನಕ್ಕೆ ತಲುಪಿತು. ವಚನಗಳಾದರೋ ಉಪಮೆ, ರೂಪಕ, ದೃಷ್ಟಾಂತಗಳ ಮೂಲಕ ಹೃದಯಕ್ಕೆ ತಲುಪಿದವು. ಆಡಿದ ಮಾತಿನಿಂದ ಅದರ ಒಳಗಣ ಅರ್ಥಕ್ಕೆ ದಾಟಲರಿಯದ ಮಗುವು ನೂರು ವಚನಗಳನ್ನು ಬಾಯಿಪಾಠ ಮಾಡಿದರೂ ಬಾಗಿಲ ಹೊರಗೇ ನಿಂತಿರುತ್ತದೆ. ಆದಕಾರಣ ಆ ಬಾಗಿಲನ್ನು ತೆರೆಯುವ ಕೆಲಸವು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಎಷ್ಟು ಸೇರಿದುದೋ ಮಠಕ್ಕೂ ಅಷ್ಟೇ ಸೇರಿದುದು.

ಅಲಂಕಾರದ ಪಾಠವು ಸಾಮಾನ್ಯವಾಗಿ ನಡೆಯುವ ಕ್ರಮವು ಎಲ್ಲರಿಗೂ ತಿಳಿದದ್ದೇ. ಉಪಾಧ್ಯಾಯರು ಲಕ್ಷಣವನ್ನು ಹೇಳುತ್ತಾರೆ. ಮಕ್ಕಳು ಬರೆದುಕೊಂಡು ಉರು ಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಒಪ್ಪಿಸಿ ಮರೆಯುತ್ತಾರೆ. ಸ್ವಂತ ಉದಾಹರಣೆಯೊಂದನ್ನು ಕೊಡೆಂದರೆ, ಪುಸ್ತಕದಲ್ಲಿದ್ದ ಕಮಲಮುಖವನ್ನೇ ಮರಳಿ ಬರೆಯುತ್ತಾರೆ. ಕಮಲವನ್ನು ಕೊಳದಲ್ಲಿ ಒಮ್ಮೆಯೂ ಕಾಣದ ಬಯಲುಸೀಮೆಯ ಬಾಲಕನಿಗೆ ಆ ಮುಖವು ಎಂದಾದರೂ ಅರಳೀತೇ? ಲಕ್ಷಣವು ಬಂದಿತು, ಲಕ್ಷ್ಯವು ಬರಲಿಲ್ಲ. ಹೆಸರನ್ನು ಕಲಿತ ಮಗುವಿಗೆ ವಸ್ತುವಿನ ಪರಿಚಯವಾಗಲಿಲ್ಲ.

ಕನ್ನಡದಲ್ಲಿ ದೊರೆತಿರುವ ಮೊದಲನೆಯ ಗ್ರಂಥವೇ ಅಲಂಕಾರಶಾಸ್ತ್ರದ ಗ್ರಂಥವೆಂಬುದು ಇಲ್ಲಿ ಸ್ಮರಣೀಯ. ಸುಮಾರು ಕ್ರಿ. ಶ. 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿದುದು. ಅದರ ಮೂರು ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರಗಳಿಗೂ ಮೂರನೆಯದು ಅರ್ಥಾಲಂಕಾರಗಳಿಗೂ ಮೀಸಲಾಗಿವೆ. ಅಂತಹ ಶಾಸ್ತ್ರಗ್ರಂಥವೇ ಕನ್ನಡ ನಾಡಿನ ಜನರನ್ನು ಕುರಿತು, ಇವರು ಪ್ರಯತ್ನಪೂರ್ವಕವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಬಲ್ಲಿದರು ಎಂದು ಸಾರುತ್ತದೆ. ಚಿಕ್ಕ ಮಕ್ಕಳನ್ನೂ ಬಿಡದೆ, ತಮ್ಮ ತಮ್ಮ ನುಡಿಯಲ್ಲಿ ಎಲ್ಲರೂ ಜಾಣರೇ ಎಂದು ಒಪ್ಪಿಕೊಳ್ಳುತ್ತದೆ. ಅಲಂಕಾರವನ್ನು ಕಲಿಸಹೊರಟ ಉಪಾಧ್ಯಾಯನು ಮೊದಲು ಮನಗಾಣಬೇಕಾದ ತತ್ತ್ವವಿದು. ಮಗುವು ಬರಿದಾದ ಕೊಡವಲ್ಲ. ಬರಗಾಲದಲ್ಲಿ ಭೂಮಿ ಬಾಯಿ ಬಿಟ್ಟಿದೆಯೆಂದು ತಂದೆ ಹೇಳಿದುದನ್ನು ಅದು ಕೇಳಿದೆ. ತಮ್ಮನ ಕೆನ್ನೆ ಬೆಣ್ಣೆಯೆಂದು ತಾಯಿ ಮುದ್ದಿಸಿದುದನ್ನು ಕಂಡಿದೆ. ಬಿಸಿಲು ಬೆಂಕಿಯಂತೆ ಸುರಿಯುತ್ತಿದೆಯೆಂದು ತಾನೇ ಆಡಿದೆ. ಲೇಕಾಫ್ ಮತ್ತು ಜಾನ್ಸನ್ ಎಂಬ ಅಮೆರಿಕದ ಪಂಡಿತರಿಬ್ಬರು 1980ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ರೂಪಕವು ಕವಿಗಳ ಒಡವೆ ಮಾತ್ರವಲ್ಲ, ಮನುಷ್ಯನು ದಿನನಿತ್ಯ ಯೋಚಿಸುವ ರೀತಿಯೇ ಅದೆಂದು ವಾದಿಸಿದರು. ಕನ್ನಡದ ಹಳೆಯ ಗ್ರಂಥವು ಜನದ ನುಡಿಯಲ್ಲಿ ಕಂಡ ಜಾಣ್ಮೆಗೆ ಈ ವಾದವು ದೂರವಾದುದಲ್ಲ. ಮಗುವಿನಲ್ಲಿ ಮೊದಲೇ ಇರುವುದನ್ನು ಮಗುವಿಗೇ ತೋರಿಸಿಕೊಡುವುದು, ಇದೇ ಅಲಂಕಾರಬೋಧೆ.

ಇದಕ್ಕೆ ಅನುಕೂಲವಾದ ಕೆಲವು ವಿಧಾನಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗುವುದು. ಇವುಗಳಿಗೆ ಹಣ ಬೇಕಿಲ್ಲ. ಒಂದು ಚೀಲ, ನಾಲ್ಕು ಪಾಟಿ, ಒಂದಿಷ್ಟು ಬಳಪ, ಮತ್ತು ಉಪಾಧ್ಯಾಯರ ತಾಳ್ಮೆ, ಇಷ್ಟು ಸಾಕು.

ಮೊದಲನೆಯದು ಚೀಲದ ಆಟ. ಬಟ್ಟೆಯ ಚೀಲದಲ್ಲಿ ಹತ್ತಿ, ಹುಣಿಸೆಯ ಬೀಜ, ಬೆಣಚುಕಲ್ಲು, ಜೋಳದ ತೆನೆ, ನವಿಲುಗರಿ ಮುಂತಾದವನ್ನು ಹಾಕಿಟ್ಟು, ಮಗುವು ಕಣ್ಣು ಮುಚ್ಚಿ ಒಂದನ್ನು ಮುಟ್ಟಬೇಕು. ಅದರ ಹೆಸರನ್ನು ಹೇಳಲಾಗದು. ಅದು ಯಾವುದರಂತಿದೆಯೆಂದು ಮಾತ್ರ ಹೇಳಬೇಕು. ಒಬ್ಬನು ಹತ್ತಿಯನ್ನು ಮುಟ್ಟಿ ಬೆಕ್ಕಿನ ಮರಿಯ ಹೊಟ್ಟೆಯಂತಿದೆಯೆಂದರೆ, ಇನ್ನೊಬ್ಬಳು ಮಂಜಿನಂತಿದೆ, ಆದರೆ ತಣ್ಣಗಿಲ್ಲ ಎಂದಾಳು. ಒಂದನೆಯ ಮತ್ತು ಎರಡನೆಯ ತರಗತಿಗಳಿಗೆ ಇಷ್ಟೇ ಸಾಕು. ಉಪಮೆಯೆಂಬ ಶಬ್ದವನ್ನೇ ಅಲ್ಲಿ ಉಚ್ಚರಿಸಬೇಕಾಗಿಲ್ಲ.

ಎರಡನೆಯದು ನಾಲ್ಕು ಪಾಟಿಗಳ ಆಟ. ಇದು ಮೂರು ನಾಲ್ಕನೆಯ ತರಗತಿಗಳಿಗೆ ತಕ್ಕುದು. ‘ಅಜ್ಜಿಯ ಕೂದಲು ಹತ್ತಿಯಂತೆ ಬೆಳ್ಳಗಿದೆ’ ಎಂಬ ವಾಕ್ಯವನ್ನು ನಾಲ್ಕು ತುಂಡು ಮಾಡಿ ನಾಲ್ವರು ಮಕ್ಕಳ ಪಾಟಿಗಳ ಮೇಲೆ ಬರೆದು ಅವರನ್ನು ಸಾಲಾಗಿ ನಿಲ್ಲಿಸಬೇಕು. ಅಜ್ಜಿಯ ಕೂದಲು ಉಪಮೇಯ, ಹತ್ತಿ ಉಪಮಾನ, ‘ಅಂತೆ’ ಎಂಬುದು ವಾಚಕ, ಬೆಳ್ಳಗಿರುವುದು ಸಾಧಾರಣ ಧರ್ಮ. ನಾಲ್ವರೂ ನಿಂತಿದ್ದರೆ ಪೂರ್ಣೋಪಮೆ. ಈಗ ಬೆಳ್ಳಗಿದೆಯೆಂಬ ಪಾಟಿಯ ಮಗುವನ್ನು ಕೂರಿಸಿದರೆ ‘ಅಜ್ಜಿಯ ಕೂದಲು ಹತ್ತಿಯಂತಿದೆ’ ಎಂದು ಉಳಿಯುತ್ತದೆ. ಬಿಳುಪಿನಲ್ಲಿಯೋ ಮೃದುತ್ವದಲ್ಲಿಯೋ ಎಂದು ತರಗತಿಯಲ್ಲಿ ಚರ್ಚೆ ಎದ್ದೇ ಏಳುತ್ತದೆ. ಒಂದು ಅಂಗವು ಲೋಪವಾದಾಗ ಕೇಳುವವನಿಗೆ ಕೆಲಸ ಹೆಚ್ಚುವುದೆಂಬುದನ್ನು, ಅರ್ಥಾತ್ ಲುಪ್ತೋಪಮೆಯ ಸಾರಸ್ಯವನ್ನು, ಮಕ್ಕಳು ಹೀಗೆ ತಾವೇ ಕಂಡುಕೊಳ್ಳುತ್ತಾರೆ. ‘ಅಂತೆ’ಯೂ ಕುಳಿತುಕೊಂಡರೆ ಉಪಮೇಯ ಉಪಮಾನಗಳ ನಡುವಣ ಅಂತರವು ಅಳಿದು, ಇಬ್ಬರು ಮಕ್ಕಳು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ, ಅದು ರೂಪಕ. ಮುಗಿಲ ಹತ್ತಿಯೇ ಇಳಿದು ಅಜ್ಜಿಯ ತಲೆಯ ಮೇಲೆ ಕುಳಿತಿತೋ ಎಂಬಂತೆ ಕಲ್ಪಿಸಿದರೆ ಉತ್ಪ್ರೇಕ್ಷೆ. ಗಂಟೆಗಟ್ಟಲೆ ಲಕ್ಷಣವನ್ನು ವಿವರಿಸಿದರೂ ಹತ್ತದ ವಿಷಯವು ಏಳುವ ಕೂರುವ ಈ ಆಟದಲ್ಲಿ ಹತ್ತುತ್ತದೆ.

ಮೂರನೆಯದು ನುಡಿಗಟ್ಟುಗಳ ಚಿತ್ರ. ‘ಕಾಲಿಗೆ ಬುದ್ಧಿ ಹೇಳಿದನು’, ‘ಕಣ್ಣಿಗೆ ಮಣ್ಣೆರಚಿದನು’, ‘ಗಾಳಿಗೋಪುರ ಕಟ್ಟಿದನು’ ಮೊದಲಾದ ಮಾತುಗಳಿಗೆ ಮಕ್ಕಳು ಎರಡೆರಡು ಚಿತ್ರಗಳನ್ನು ಬರೆಯಬೇಕು. ಒಂದು ಅಕ್ಷರಾರ್ಥದ್ದು, ಇನ್ನೊಂದು ಭಾವಾರ್ಥದ್ದು. ತನ್ನ ಕಾಲುಗಳಿಗೆ ಉಪದೇಶ ಮಾಡುತ್ತ ಕುಳಿತ ಮನುಷ್ಯನ ಚಿತ್ರವನ್ನು ಕಂಡು ತರಗತಿಯೆಲ್ಲ ನಗುತ್ತದೆ. ಆ ನಗುವೇ ಪಾಠ. ಮಾತಿಗೆ ಎರಡು ಅಂತಸ್ತುಗಳುಂಟೆಂದು ಅರಿಯದವರಿಗೆ ಆ ನಗು ಬಾರದು.

ನಾಲ್ಕನೆಯದು ಒಗಟು. ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ವಾರಕ್ಕೊಂದು ಒಗಟನ್ನು ತರಬೇಕು. ತರುವಾಯ ತಾವೇ ಒಂದನ್ನು ಕಟ್ಟಬೇಕು. ‘ಕುಡಿಯುವುದು ಎಣ್ಣೆ, ಉಣ್ಣುವುದು ಕತ್ತಲೆ’ ಎಂದು ಒಬ್ಬರು ಕಟ್ಟಿದರೆ, ದೀಪವೆಂದು ಉಳಿದವರು ಒಡೆಯುತ್ತಾರೆ. ಉಪಮೇಯವನ್ನು ಮರೆಯಲ್ಲಿಟ್ಟು ಉಪಮಾನವನ್ನಷ್ಟೇ ಹೇಳುವುದನ್ನು ಶಾಸ್ತ್ರಜ್ಞರು ರೂಪಕಾತಿಶಯೋಕ್ತಿಯೆಂದು ಕರೆದಿದ್ದಾರೆ. ಮಗುವಿಗೆ ಆ ಹೆಸರಿನ ಭಾರ ಬೇಡ. ಆದರೆ ಒಗಟಿನಲ್ಲಿ ಪಳಗಿದ ಬುದ್ಧಿಯು ಮುಂದೆ ಅಲ್ಲಮಪ್ರಭುದೇವರ ಬೆಡಗಿನ ವಚನಗಳ ಮುಂದೆ ನಿಂತಾಗ ಕಂಗೆಡುವುದಿಲ್ಲ.

ಐದನೆಯದು ಕಾಯಕದ ಸಂದರ್ಶನ. ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ಬಿದಿರ ಕಾಯಕದ ಮೇದಾರ ಕೇತಯ್ಯನಿದ್ದನು, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯನಿದ್ದನು, ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳಿದ್ದರು. ದುಡಿಯುವವರು ನುಡಿಯತೊಡಗಿದಾಗ ಹೊಲ ಮನೆ ಕಾಯಕಗಳ ಮಾತುಗಳೇ ಅನುಭಾವದ ಮಾತುಗಳಾದವು. ಈ ಮಾರ್ಗವನ್ನೇ ಶಾಲೆಯೂ ಹಿಡಿಯಬಹುದು. ಮಕ್ಕಳನ್ನು ನೇಕಾರರ ಮನೆಗೆ ಕರೆದೊಯ್ದು, ಮಗ್ಗ, ಲಾಳಿ, ಹಾಸು, ಹೊಕ್ಕು ಎಂಬ ಶಬ್ದಗಳನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳುವಂತೆ ಮಾಡಬೇಕು. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು ಎಂದು ಕಣ್ಣಾರೆ ಕಂಡ ಮಗುವಿಗೆ, ಪುಸ್ತಕದಲ್ಲಿ ‘ಹಾಸುಹೊಕ್ಕಾಗಿದೆ’ ಎಂಬ ಮಾತು ಬಂದೊಡನೆ ಮಗ್ಗದ ಸದ್ದು ಕೇಳಿಸುತ್ತದೆ. ಸವೆದು ರೂಪಕವೆಂಬುದೇ ಮರೆತುಹೋದ ಮಾತು ಮತ್ತೆ ಜೀವ ತಳೆಯುತ್ತದೆ. ಇದಲ್ಲದೆ, ತನ್ನ ಮನೆಯ ಕಸುಬಿನ ಮಾತು ಶಾಲೆಯಲ್ಲಿ ಪಾಠವಾದುದನ್ನು ಕಂಡ ನೇಕಾರರ ಮಗುವು ಆ ದಿನ ತಲೆ ಎತ್ತಿ ಕೂರುತ್ತದೆ.

ಆರನೆಯದು ಹೋಲಿಕೆಯ ಮಿತಿಯನ್ನು ಹುಡುಕುವುದು. ಗುರುವು ದೀಪವೆಂದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದದು? ಇಬ್ಬರೂ ಕತ್ತಲೆಯನ್ನು ಕಳೆಯುವವರು; ಆದರೆ ಕೋಣೆಯಲ್ಲಿ ಯಾರು ಕುಳಿತಿರುವರೆಂದು ದೀಪಕ್ಕೆ ತಿಳಿಯದು, ಗುರುವಿಗೆ ತಿಳಿಯುತ್ತದೆ. ಇಂತಹ ಪ್ರಶ್ನೆಗಳಿಂದ ಮಕ್ಕಳು ಮಾತಿಗೆ ಮರುಳಾಗದೆ ಮಾತನ್ನು ತೂಗಿ ನೋಡಲು ಕಲಿಯುತ್ತಾರೆ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು ಅವಶ್ಯ. ಹೋಲಿಕೆಯು ಹೂವೂ ಆಗಬಲ್ಲುದು, ಕಲ್ಲೂ ಆಗಬಲ್ಲುದು. ಚೀಲದ ಆಟದಲ್ಲಿ ಇದ್ದಿಲು ಕೈಗೆ ಬಂದಾಗ ಒಬ್ಬನು ತನ್ನ ಜೊತೆಯವನ ಮೈಬಣ್ಣವನ್ನು ತೋರಿಸಿ ‘ಇವನಂತಿದೆ’ ಎಂದರೆ ತರಗತಿ ನಗುತ್ತದೆ. ಒಂದು ಮಗು ಮಾತ್ರ ನಗುವುದಿಲ್ಲ. ಬಣ್ಣದ, ಅಂಗದ, ಹುಟ್ಟಿನ ಹೆಸರಿನಲ್ಲಿ ಮಕ್ಕಳನ್ನು ಇರಿಯುವ ಉಪಮಾನಗಳು ಊರಿನಲ್ಲಿ ಬೇಕಾದಷ್ಟಿವೆ, ಗಾದೆಗಳಲ್ಲಿಯೂ ಇವೆ. ಅಂತಹ ಗಳಿಗೆಯಲ್ಲಿ ಉಪಾಧ್ಯಾಯರು ಕೇಳದವರಂತೆ ಇರುವುದೂ ಸಲ್ಲದು, ಬೆತ್ತವನ್ನೆತ್ತುವುದೂ ಸಲ್ಲದು. ಹೋಲಿಕೆಯಲ್ಲಿ ತೋರಿಸಿದ್ದು ಬಣ್ಣವನ್ನೋ, ಕೀಳೆಂಬ ಭಾವವನ್ನೋ ಎಂದು ಎಲ್ಲರನ್ನೂ ಕೇಳಬೇಕು. ಬಳಿಕ ನೊಂದ ಮಗುವಿಗೇ ತನ್ನ ಉಪಮಾನವನ್ನು ತಾನು ಆರಿಸಿಕೊಳ್ಳುವ ಅಧಿಕಾರವನ್ನು ಕೊಡಬೇಕು. ಅದು ‘ಎರೆಭೂಮಿಯಂತೆ’ ಎಂದೀತು. ಜೋಳವನ್ನೂ ಹತ್ತಿಯನ್ನೂ ಬೆಳೆದು ನಾಡಿಗೆ ಅನ್ನ ಬಟ್ಟೆಗಳನ್ನು ಕೊಡುವುದು ಆ ಕರಿಯ ಮಣ್ಣೇ ಅಲ್ಲವೇ? ಬಣ್ಣ ಒಂದೇ, ಉಪಮಾನ ಬೇರೆಯಾಯಿತು, ಮಗುವಿನ ಮುಖವೂ ಬೇರೆಯಾಯಿತು. ಹುಟ್ಟಿನಿಂದ ಮನುಷ್ಯನನ್ನು ಅಳೆಯಲೊಲ್ಲದ ಶರಣರ ಪರಂಪರೆಯಲ್ಲಿ ನಡೆಯುವ ಶಾಲೆಯು ಈ ಪಾಠವನ್ನು ಬಿಟ್ಟರೆ ಉಳಿದ ಅಲಂಕಾರಪಾಠವೆಲ್ಲ ವ್ಯರ್ಥ.

ಇಷ್ಟು ಸಿದ್ಧತೆಯಾದ ಮೇಲೆ ಐದನೆಯ ತರಗತಿಯ ಮಕ್ಕಳನ್ನು ವಚನದ ಬಳಿಗೆ ಕರೆದೊಯ್ಯಬಹುದು. ಉಳ್ಳವರು ಕಟ್ಟಿಸುವ ಶಿವಾಲಯಕ್ಕೆ ಎದುರಾಗಿ ಬಡವನು ತನ್ನ ದೇಹವನ್ನೇ ದೇಗುಲವಾಗಿ ಅರ್ಪಿಸುವ ಬಸವಣ್ಣನವರ ವಚನವು ಎಲ್ಲರಿಗೂ ಪರಿಚಿತ. ಮಕ್ಕಳು ಎದ್ದು ನಿಂತು ಕಾಲು, ಒಡಲು, ತಲೆಗಳನ್ನು ಮುಟ್ಟಿಕೊಂಡು, ಗುಡಿಯ ಯಾವ ಭಾಗಕ್ಕೆ ಯಾವುದು ಸಮವೆಂದು ತಾವೇ ಹೇಳಲಿ, ಚಿತ್ರ ಬರೆಯಲಿ. ಅನಂತರ ಉಪಾಧ್ಯಾಯರು ಒಂದೇ ಪ್ರಶ್ನೆ ಕೇಳಲಿ: ಕಲ್ಲಿನ ಗುಡಿಗೆ ಆಗದ ಯಾವ ಕೆಲಸವು ಈ ಗುಡಿಗೆ ಆಗುತ್ತದೆ? ನಡೆಯುವುದು, ಎಂದು ಯಾವುದಾದರೂ ಮಗುವು ಹೇಳಿಯೇ ಹೇಳುತ್ತದೆ. ಸ್ಥಾವರ ಜಂಗಮಗಳ ಭೇದವು ಆ ಒಂದು ಉತ್ತರದಲ್ಲಿ ಅಡಗಿದೆ. ಆ ವಚನದಿಂದ ರೂಪಕವನ್ನು ಕಿತ್ತುಹಾಕಿದರೆ ಸೊಗಸಷ್ಟೇ ಹೋಗುವುದಿಲ್ಲ, ಹೇಳಬೇಕಾದ ಧರ್ಮವೇ ಹೇಳದೆ ಉಳಿಯುತ್ತದೆ. ಒಡವೆಯನ್ನು ಕಳಚಿದರೂ ಮೈ ಉಳಿದೀತು; ಇಲ್ಲಿ ಅಲಂಕಾರವೇ ಮೈ.

ಇಷ್ಟಕ್ಕೆಲ್ಲ ವೇಳೆಯೆಲ್ಲಿದೆ, ಪಾಠ ಮುಗಿಯಬೇಡವೇ, ಪರೀಕ್ಷೆಯ ಗತಿಯೇನು ಎಂಬ ಆಕ್ಷೇಪವು ಸಹಜವೇ. ವಾರಕ್ಕೆ ಎರಡು ದಿನ ಕಾಲು ಕಾಲು ಗಂಟೆ ಸಾಕು. ಮೊದಲು ಆಟ, ಆಮೇಲೆ ಉದಾಹರಣೆ, ಕಟ್ಟಕಡೆಗೆ ಹೆಸರು ಮತ್ತು ಲಕ್ಷಣ, ಇದೇ ಕ್ರಮ. ತಾನೇ ಹತ್ತು ಉಪಮೆಗಳನ್ನು ಕಟ್ಟಿದ ಮಗುವಿಗೆ ಲಕ್ಷಣವನ್ನು ಉರು ಹೊಡೆಸಬೇಕಾಗಿಲ್ಲ. ತನ್ನ ಮಾತಿಗೆ ಶಾಸ್ತ್ರವು ಇಟ್ಟ ಹೆಸರೆಂದು ಅದು ಸಂತೋಷದಿಂದಲೇ ನೆನಪಿಟ್ಟುಕೊಳ್ಳುತ್ತದೆ. ಪರೀಕ್ಷೆಯಲ್ಲಿಯೂ ಲಕ್ಷಣವನ್ನು ಬರೆಯಿರೆನ್ನುವ ಬದಲು, ಮಳೆಯನ್ನೋ ಹಸಿವನ್ನೋ ಒಂದು ಸ್ವಂತ ಹೋಲಿಕೆಯಿಂದ ವರ್ಣಿಸಿರೆಂದು ಕೇಳಿದರೆ ನಿಜವಾದ ಕಲಿಕೆಯು ಹೊರಬೀಳುವುದು.

ಮಠಗಳ ಪ್ರಸಾದನಿಲಯಗಳಿಗೆ ಇದರಲ್ಲಿ ವಿಶೇಷ ಅವಕಾಶವುಂಟು. ಸಂಜೆಯ ಪ್ರಾರ್ಥನೆ ಮುಗಿದು ಪ್ರಸಾದದ ಗಂಟೆಯಾಗುವವರೆಗಿನ ಬಿಡುವಿನಲ್ಲಿ ಹಿರಿಯ ಬಾಲಕರು ಕಿರಿಯರಿಗೆ ಒಗಟೊಡ್ಡಲಿ, ಗಾದೆಯೊಂದಕ್ಕೆ ಕಥೆ ಕಟ್ಟಲಿ, ವಚನವೊಂದರ ರೂಪಕವನ್ನು ಅಭಿನಯಿಸಿ ತೋರಿಸಲಿ. ಬೇರೆ ಬೇರೆ ಊರುಗಳಿಂದ ಬಂದ ಮಕ್ಕಳು ತಮ್ಮ ತಮ್ಮ ಸೀಮೆಯ ಮಾತನ್ನು ಅಲ್ಲಿ ಹಂಚಿಕೊಂಡರೆ ಅದೂ ಒಂದು ದಾಸೋಹವೇ. ಅನ್ನವು ಒಂದು ಹೊತ್ತಿನ ಹಸಿವನ್ನು ಕಳೆಯುವುದು. ಮಾತಿನ ಒಳಗಣ್ಣು ತೆರೆದರೆ ಜೀವಮಾನದ ಬುತ್ತಿಯಾಗುವುದು.

ಉಪಾಧ್ಯಾಯ ಮಹಾಶಯರು ಬರುವ ಸೋಮವಾರ ಶಾಲೆಗೆ ಹೋಗುವಾಗ ಒಂದು ಚಿಕ್ಕ ಚೀಲವನ್ನು ಕೈಯಲ್ಲಿ ಹಿಡಿದು ಹೋಗಲಿ. ಆ ಚೀಲದಿಂದ ಮಕ್ಕಳು ಏನನ್ನು ಹೊರತೆಗೆಯುವರೆಂಬುದನ್ನು ಮಕ್ಕಳೇ ತೋರಿಸಿಕೊಡುವರು.