ಕೆಂಪು ಹೊಗೆಯನ್ನು ಹುಟ್ಟುವಲ್ಲೇ ತಡೆಯಬೇಕು



ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಕೆಂಪು ಮಣ್ಣಿದೆ. ಅಲ್ಲಿನ ಅದಿರು ಭದ್ರಾವತಿಯ ಕುಲುಮೆಗೆ ಇಳಿಯಿತು. ಅದನ್ನು ಕರಗಿಸಲು ಮಲೆನಾಡಿನ ಮರಗಳು ಇದ್ದಿಲಾದವು. ಆದರೆ ಬೆಟ್ಟ ಬಿಟ್ಟ ಅದಿರಿನ ಕಥೆ ಕುಲುಮೆಯಲ್ಲಿ ಮುಗಿಯುವುದಿಲ್ಲ. ಕಬ್ಬಿಣವು ಉಕ್ಕಾಗುವಾಗ ಅದರ ಒಂದು ಪಾಲು ಕೆಂಪು ಹೊಗೆಯಾಗಿ ಮೇಲೇಳುತ್ತದೆ.

ಊದುಕುಲುಮೆಯ ದ್ರವ ಕಬ್ಬಿಣದಲ್ಲಿ ಸುಮಾರು ಶೇಕಡಾ 4ರಷ್ಟು ಇಂಗಾಲವಿರುತ್ತದೆ. ಅದನ್ನು ಕಳೆಯಲು ಕನ್ವರ್ಟರ್ ಎಂಬ ದೊಡ್ಡ ಪಾತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಶಬ್ದವನ್ನೂ ಮೀರಿದ ವೇಗದಲ್ಲಿ ಊದುತ್ತಾರೆ. ಆಸ್ಟ್ರಿಯಾದ ಲಿಂಜ್ ನಗರದಲ್ಲಿ 1952ರಲ್ಲಿ ಕಾರ್ಯರೂಪಕ್ಕೆ ಬಂದ ಈ ವಿಧಾನವು ಭಾರತದಲ್ಲಿ ಮೊದಲು ರೂರ್ಕೆಲಾಕ್ಕೆ ಬಂದಿತು. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿಯೂ ಇದೇ ವಿಧಾನವಿದೆ.

ಆಮ್ಲಜನಕ ತಾಗಿದ ಜಾಗದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಲ್ಲಿ ಕಬ್ಬಿಣವೇ ಆವಿಯಾಗಿ, ಉರಿದು, ಆಕ್ಸೈಡಿನ ಹುಡಿಯಾಗುತ್ತದೆ. ಕುದಿಯುವ ಅನಿಲದ ಗುಳ್ಳೆಗಳು ಒಡೆದು ಸಣ್ಣ ಹನಿಗಳನ್ನೂ ಚಿಮ್ಮಿಸುತ್ತವೆ. ಒಂದು ಟನ್ ಉಕ್ಕಿಗೆ ಹತ್ತಿಪ್ಪತ್ತು ಕಿಲೋ ಧೂಳು ಏಳುವುದುಂಟು. ಅದರಲ್ಲಿ ಒಂದು ಮೈಕ್ರಾನಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಆಳವನ್ನು ಸೇರಬಲ್ಲವು.

ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ಮೊದಲನೆಯದು ಹಿಡಿಯುವುದು. ಕನ್ವರ್ಟರಿನ ಬಾಯಿಗೆ ಮುಚ್ಚಿಗೆ ಇಳಿಸಿ, ಹೊರಗಾಳಿಯನ್ನು ತಡೆದು, ಹೊಗೆಯನ್ನು ತೊಳೆಯುವ ವ್ಯವಸ್ಥೆಯನ್ನು ಜಪಾನ್ 1960ರ ದಶಕದಲ್ಲಿ ರೂಢಿಗೆ ತಂದಿತು. ಇದರಿಂದ ವಿಷಕಾರಿಯಾದ ಕಾರ್ಬನ್ ಮೊನಾಕ್ಸೈಡ್ ಸಹ ಇಂಧನವಾಗಿ ದೊರೆಯುತ್ತದೆ. ಆದರೆ ಕಬ್ಬಿಣವನ್ನು ಸುರಿಯುವಾಗ, ಉಕ್ಕನ್ನು ಬಗ್ಗಿಸುವಾಗ ಪಾತ್ರೆ ವಾಲುತ್ತದೆ. ಮುಚ್ಚಿಗೆಗೆ ಸಿಗದ ಹೊಗೆ ಛಾವಣಿಯಿಂದ ಹೊರಬೀಳುತ್ತದೆ. ಅದಕ್ಕೆ ಪ್ರತ್ಯೇಕ ಹೀರುಗೊಳವೆ, ಚೀಲದ ಸೋಸುಕಗಳು ಬೇಕು.

ಎರಡನೆಯದು ಹುಟ್ಟುವಲ್ಲೇ ತಗ್ಗಿಸುವುದು. ಕೆನಡಾದ ಸವಾರ್ಡ್ ಮತ್ತು ಲೀ ಅವರು ಜೋಡಿ ಕೊಳವೆಯೊಂದನ್ನು ರೂಪಿಸಿದರು. ಒಳಗೊಳವೆಯಲ್ಲಿ ಆಮ್ಲಜನಕ, ಸುತ್ತಲೂ ಹೈಡ್ರೋಕಾರ್ಬನ್ ಅನಿಲ. ಈ ಅನಿಲ ಒಡೆಯುವಾಗ ಶಾಖವನ್ನು ಹೀರಿ ಕೊಳವೆಯ ತುದಿಯನ್ನು ತಂಪಾಗಿಡುತ್ತದೆ. ಹೀಗೆ ಕೆಳಗಿನಿಂದ ಊದುವ ಕನ್ವರ್ಟರುಗಳು 1960ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಆರಂಭವಾದವು, ಧೂಳು ಕಡಿಮೆಯಾಯಿತು. ಆಮ್ಲಜನಕಕ್ಕೆ ಇಂಗಾಲದ ಡೈಆಕ್ಸೈಡ್ ಬೆರೆಸಿದರೂ ಉರಿಯ ತೀವ್ರತೆ ತಗ್ಗುತ್ತದೆ. ಇದಕ್ಕೆ ಬೆಲೆಯೂ ಇದೆ: ಶಾಖ ತಗ್ಗಿದಷ್ಟೂ ಕರಗಿಸಬಲ್ಲ ಗುಜರಿ ಕಡಿಮೆ.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ ಉಕ್ಕಿನ ಬೇಡಿಕೆ ನಿಂತಿಲ್ಲ. ಹೊಗೆಯಾಗಿ ಹೋದದ್ದೂ ಯಾವುದೋ ಬೆಟ್ಟದ ಕಬ್ಬಿಣವೇ. ಹಿಡಿದ ಧೂಳನ್ನು ಮರಳಿ ಕುಲುಮೆಗೆ ಹಾಕಿದರೆ ಅಷ್ಟು ಅದಿರನ್ನು ಅಗೆಯಬೇಕಾಗಿಲ್ಲ. ಆದುದರಿಂದ ಕಾರ್ಖಾನೆಯ ಚಿಮಣಿಯೊಂದನ್ನೇ ನೋಡಿ ತೃಪ್ತರಾಗದೆ, ಅದರ ಛಾವಣಿಯನ್ನೂ ನೋಡಬೇಕು. ಹಿಡಿದ ಧೂಳು ಎಲ್ಲಿಗೆ ಹೋಯಿತೆಂದೂ ಕೇಳಬೇಕು. ಗಾಳಿಯನ್ನು ಉಸಿರಾಡುವವರಿಗೂ ಬೆಟ್ಟವನ್ನು ಕಾಯುವವರಿಗೂ ಈ ಪ್ರಶ್ನೆ ಒಂದೇ.