ಹತ್ತೊಂಬತ್ತನೆಯ ಶತಮಾನದ ಆದವಾನಿ ಸೀಮೆ: ಹಲವು ಶಾಸ್ತ್ರಗಳು ಕೂಡಿ ಓದಬೇಕಾದ ಚರಿತ್ರೆ

(ಉತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ದೇವರ ಸನ್ನಿಧಿಯಲ್ಲಿ ಪುರಾಣ ಕೇಳುವ ನಾವು ನಮ್ಮ ಸೀಮೆಯ ಚರಿತ್ರೆಯನ್ನೂ ಒಮ್ಮೆ ಕೇಳಬೇಕೆಂಬುದು ಸಮಿತಿಯವರ ಅಪೇಕ್ಷೆ. ಇನ್ನೂರು ವರ್ಷಗಳ ಹಿಂದಿನ ನಮ್ಮ ಬಾಳನ್ನು ಅರಿಯಲು ಒಬ್ಬ ಇತಿಹಾಸಕಾರ ಸಾಲದು, ಹಲವರು ಕೂಡಬೇಕು ಎಂಬ ಒಂದು ಮಾತನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

1800ರಲ್ಲಿ ನಿಜಾಮರು ಆದವಾನಿಯೂ ಸೇರಿದಂತೆ ಈ ಪ್ರಾಂತವನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದರು. ಮುಂದೆ ಮದ್ರಾಸಿನ ಗವರ್ನರರಾಗಿ, 1827ರ ಜುಲೈ 6ರಂದು ನಮ್ಮ ಪತ್ತಿಕೊಂಡದಲ್ಲಿಯೇ ಕಾಲರಾದಿಂದ ತೀರಿಕೊಂಡರು. ಮಂಚಾಲೆಯ ಮಠದ ಇನಾಮನ್ನು ವಿಚಾರಿಸಲು ಬಂದ ಮನ್ರೋ ಸಾಹೇಬರಿಗೆ ಶ್ರೀ ರಾಘವೇಂದ್ರ ಗುರುಗಳು ಬೃಂದಾವನದಿಂದ ದರ್ಶನವಿತ್ತು ಮಾತನಾಡಿದರೆಂಬ ಪ್ರತೀತಿಯನ್ನು ನೀವೆಲ್ಲ ಕೇಳಿದ್ದೀರಿ.

ಈ ಪ್ರತೀತಿಯನ್ನು ವಿದ್ವಾಂಸರು ಹೇಗೆ ನೋಡಬೇಕು? ಕಂದಾಯದ ಇತಿಹಾಸ ಬಲ್ಲವರು, ಹೊಸ ಸರಕಾರ ಬಂದಾಗ ಪ್ರತಿಯೊಂದು ಇನಾಮಿಗೂ ಆಧಾರ ಕೇಳಲಾಯಿತು, 1858ರಲ್ಲಿ ಇನಾಂ ಕಮಿಷನ್ ಮತ್ತೆ ಕೇಳಿತು ಎಂದು ತಿಳಿಸುತ್ತಾರೆ. ಮಾನ್ಯದ ಭೂಮಿ ಹೋದರೆ ದೀಪಾರಾಧನೆ, ನೈವೇದ್ಯ ನಿಲ್ಲುತ್ತಿದ್ದ ಕಾಲವದು. ಜಾನಪದ ಬಲ್ಲವರು, ಈ ಪ್ರಾಂತದಲ್ಲಿ ಗಂಡುಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಡುತ್ತಿದ್ದುದನ್ನು ನೆನಪಿಸುತ್ತಾರೆ. ಎರಡನ್ನೂ ಕೂಡಿಸಿದಾಗ, ಆ ಕಾಲದ ಜನರಿಗಿದ್ದ ಭಯವೂ ಭರವಸೆಯೂ ನಮಗೆ ಅರ್ಥವಾಗುತ್ತವೆ. ಇದರಿಂದ ಭಕ್ತರ ಶ್ರದ್ಧೆಗೆ ಕುಂದೇನೂ ಇಲ್ಲ.

ಇನ್ನೊಂದು ಉದಾಹರಣೆ ಹೇಳುತ್ತೇನೆ. ಮನೆಯ ಪೆಟ್ಟಿಗೆಯಲ್ಲಿ ‘ಧಾತು ಸಂವತ್ಸರ’ ಎಂದಷ್ಟೇ ಬರೆದ ಒಂದು ಸಾಲಪತ್ರ ಸಿಕ್ಕಿತೆನ್ನಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಆದ್ದರಿಂದ ಅದು 1816-17 ಆಗಿರಬಹುದು, 1876-77 ಆಗಿರಬಹುದು ಎಂದು ಪಂಚಾಂಗ ಬಲ್ಲವರು ಹೇಳುತ್ತಾರೆ. ಕಾಗದ, ಮುದ್ರೆ, ಬರಹದ ಮೋಡಿ ನೋಡಿ ಲಿಪಿತಜ್ಞರು ನಿರ್ಣಯಿಸುತ್ತಾರೆ. ಪತ್ರದಲ್ಲಿ ‘ಫಸಲಿ 1286’ ಎಂದಿದ್ದರೆ, ಅದಕ್ಕೆ 590 ಕೂಡಿಸಿ 1876-77 ಎಂದು ಕಂದಾಯ ಬಲ್ಲವರು ಥಟ್ಟನೆ ಹೇಳಿಯಾರು. ಆಗ ಅದು 1876-78ರ ಮಹಾ ಬರಗಾಲದ ಪತ್ರ! ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಬಹುವಾಗಿ ಕಾಡಿದ ಬರ ಅದು. ಮದ್ರಾಸು–ಮುಂಬಯಿ ರೈಲು ಮಾರ್ಗ 1871ರಲ್ಲಿಯೇ ರಾಯಚೂರಿನಲ್ಲಿ ಕೂಡಿತ್ತು, ಆದರೂ ಕೊಳ್ಳಲು ಕಾಸಿಲ್ಲದವನ ಮನೆಗೆ ಧಾನ್ಯ ಬರಲಿಲ್ಲ. ಯಾರು ಹೊಲ ಅಡವಿಟ್ಟರು, ಎಷ್ಟು ಸೇರು ಜೋಳಕ್ಕೆ ಇಟ್ಟರು ಎಂಬುದನ್ನು ಸರಕಾರದ ವರದಿಗಿಂತ ಆ ಮಡಿಸಿದ ಕಾಗದವೇ ಚೆನ್ನಾಗಿ ಹೇಳುತ್ತದೆ.

ಕೋಸಿಗಿಯ ಶ್ರೀ ಗುರುಜಗನ್ನಾಥದಾಸರು (1837–1918) ಬಾಳಿದ್ದು ಇದೇ ಕಾಲದಲ್ಲಿ. ಅವರ ಪದಗಳನ್ನು ನಾವು ಭಜನೆಯಲ್ಲಿ ಹಾಡುತ್ತೇವೆ. ಸಾಹಿತ್ಯ, ಸಂಗೀತ, ವೇದಾಂತ ಬಲ್ಲವರೊಡನೆ ಇತಿಹಾಸಕಾರರೂ ಕುಳಿತರೆ, ಆ ಬರಗಾಲದ ಸೀಮೆಯಲ್ಲಿ ದಾಸಪರಂಪರೆ ಹೇಗೆ ಬತ್ತದೆ ಉಳಿಯಿತೆಂಬುದು ತಿಳಿದೀತು.

ಮಹನೀಯರೆ, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಹಳೆಯ ದಫ್ತರುಗಳು ಚೆನ್ನೈ, ಬಳ್ಳಾರಿ, ಕರ್ನೂಲುಗಳಲ್ಲಿ ಹಂಚಿಹೋದವು. ಅವುಗಳ ಭಾಷೆ ಕನ್ನಡ, ತೆಲುಗು, ಮರಾಠಿ, ಪಾರಸಿ, ಇಂಗ್ಲಿಷು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡಿದರೂ ಶಾಲೆಯಲ್ಲಿ ಬೇರೆ ಅಕ್ಷರ ಕಲಿಯುತ್ತಾರೆ. ಅಜ್ಜನ ಕೈಬರಹ ಓದುವವರು ಮನೆಯಲ್ಲಿಲ್ಲವೆಂದು ಓಲೆಗರಿ, ಹಾಡಿನ ಪುಸ್ತಕ, ಲೆಕ್ಕದ ಕಡತಗಳನ್ನು ‘ಪವಿತ್ರ’ವೆಂದು ತುಂಗಭದ್ರೆಗೆ ಬಿಡುವ ವಾಡಿಕೆ ಉಂಟು. ದಯವಿಟ್ಟು ಹಾಗೆ ಮಾಡಬೇಡಿ. ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ. ಯಾರ ಮನೆಯದು, ಯಾವ ಊರಿನದು ಎಂದು ಒಂದು ಚೀಟಿ ಬರೆದಿಡಿ. ಪ್ರತಿ ವರ್ಷ ಉತ್ಸವಕ್ಕೆ ಬಂದಾಗ ಅವುಗಳ ಪಟ್ಟಿಯನ್ನಾದರೂ ಸಮಿತಿಗೆ ಕೊಡಿ. ಬಲ್ಲವರನ್ನು ಕರೆಸಿ ಓದಿಸುವ ಭಾರವನ್ನು ಸಮಿತಿ ವಹಿಸಿಕೊಂಡರೆ ಅದೂ ಒಂದು ದೇವರ ಸೇವೆಯೇ.