ಕೊಡವ ತಕ್ಕ್: ಓದಿಗೆ ಪುಸ್ತಕ, ಉಚ್ಚಾರಕ್ಕೆ ಹಿರಿಯರು



ಅಲ್ ಕೂಜ್‌ನಲ್ಲಿ ವೈದ್ಯರಾಗಿ ನಾವು ಕಂಡದ್ದಿಷ್ಟು: ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಹಿಂದಿ ಆಡುವ ನಮ್ಮವರು ನೋವು ಹೇಳಿಕೊಳ್ಳುವಾಗ ಮನೆಮಾತಿಗೇ ಮರಳುತ್ತಾರೆ. ಕರ್ನಾಟಕದ ಅಂಥ ಮನೆಮಾತುಗಳಲ್ಲೊಂದಾದ ಕೊಡವ ತಕ್ಕ್ ಕ್ಷೀಣಿಸುತ್ತಿದೆ. ಭಾರತದ 2001ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 1,66,000. 2011ರಲ್ಲಿ ಸುಮಾರು 1,14,000. ಯುನೆಸ್ಕೊ ಕೂಡ ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ.

ಕಲಿಯಲು ಸಾಧನಗಳಿಲ್ಲವೆನ್ನುವಂತಿಲ್ಲ. ಆರ್. ಎ. ಕೋಲ್ 1867ರಲ್ಲೇ ಇಂಗ್ಲಿಷಿನಲ್ಲಿ ಇದರ ವ್ಯಾಕರಣ ಬರೆದರು. ಹರದಾಸ ಅಪ್ಪಚ್ಚಕವಿಗಳು ನಾಟಕಗಳನ್ನು ಕೊಟ್ಟರು. ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಗಾದೆ, ಪದ್ಧತಿಗಳನ್ನು ಕೂಡಿಸಿದ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾಯಿತು. ಅದರ ಹಾಡುಗಳು ಕನ್ನಡ ಲಿಪಿಯಲ್ಲೇ ಇವೆ. ಇಲ್ಲಿ ಅ ಆ ಇ ಈ ಕಲಿತ ಕೊಡವ ಮಗುವಿಗೆ ಆ ಹಾಡುಗಳ ಬಾಗಿಲೂ ತೆರೆಯುತ್ತದೆ.

ಆದರೆ ಆ ಮಾತಿನ ಕೆಲವು ಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಅವನ್ನು ಕೇಳಿಯೇ ಕಲಿಯಬೇಕು. ಆದ್ದರಿಂದ ಕೊಡವ ತಂದೆ-ತಾಯಿಗಳಲ್ಲಿ ನಮ್ಮ ವಿನಂತಿ: ಊರಿನ ಹಿರಿಯರೊಂದಿಗೆ ಮಾತಾಡುವಾಗ ಫೋನನ್ನು ಮಕ್ಕಳ ಕೈಗೂ ಕೊಡಿ. ಅವರ ನುಡಿ ತೊದಲಿದರೆ ನಗಬೇಡಿ. ತುಳು, ಬ್ಯಾರಿ, ಕೊಂಕಣಿ ಮನೆಗಳಿಗೂ ಈ ಮಾತು ಸಲ್ಲುತ್ತದೆ.